ಮುರುಗೆಪ್ಪನ ಬಲಗೈ

ಆ ದಿನ ಮುರುಗೆಪ್ಪನಿಗಿಂತ ಮೊದಲು ಎಚ್ಚರಾದದ್ದು ಅವನ ಬಲಗೈ. ಪುಣೆಯ ಸದಾಶಿವ ಪೇಠ ಇನ್ನೂ ಮಲಗಿತ್ತು. ಪೇಶವೆಯವರ ಕಾಲದಿಂದ ಕಾತ್ರಜದ ಕೆರೆ ಬಿಟ್ಟು ನೆಲದೊಳಗೇ ನಡೆದು ಬಂದು ವಾಡೆಯ ತೊಟ್ಟಿ ತುಂಬುವ ನೀರು ಕೂಡ ದಾರಿಯಲ್ಲೆಲ್ಲೋ ಆಕಳಿಸುತ್ತ ನಿಂತಿತ್ತು. ಅಂಥ ಹೊತ್ತಿನಲ್ಲಿ ಈ ಕೈ ಒಂದೇ ಎದ್ದು ಕೌದಿಯ ಕೆಳಗೆ ಏನನ್ನೋ ತಡಕಾಡುತ್ತಿತ್ತು. ಮುಂಬಯಿ ಇಲಾಖೆಯಲ್ಲಿ ಆಗ ಕೈಗಳಿಗೇನೂ ಬರವಿರಲಿಲ್ಲ. ತಬಲಾದವರ ಕೈ, ಗಿರಣಿಯವರ ಕೈ, ಜೇಬುಗಳ್ಳರ ಕೈ, ಸ್ವರಾಜ್ಯ ಹೊಸ್ತಿಲಿಗೆ ಬಂದು ನಿಂತಿದೆ ಎಂದು ಮೇಜು ಗುದ್ದುವವರ ಕೈ. ಆದರೆ ಒಡೆಯನ ಮಾತು ಕೇಳದ ಕೈ ಯಾವುದು ಎಂದು ಒಂದು ಪಂದ್ಯ ಇಟ್ಟಿದ್ದರೆ ಮುರುಗೆಪ್ಪ ಬಾಳಿಕಾಯಿಯ ಬಲಗೈ ಬಂಗಾರದ ಪದಕ ಗೆದ್ದು, ಮನೆಗೆ ಬರುವಷ್ಟರಲ್ಲಿ ಆ ಪದಕವನ್ನು ಯಾರಿಗೋ ಮಾರಿಯೂ ಬರುತ್ತಿತ್ತು. ಮುರುಗೆಪ್ಪ ಎಡಗೈಯಿಂದ ಅದನ್ನು ಹಿಡಿದು ತಲೆದಿಂಬಿನ ಕೆಳಗೆ ತುರುಕಿ ಅದರ ಮೇಲೆ ತಲೆಯಿಟ್ಟ. ದಿಂಬಿನ ಕೆಳಗೂ ಬೆರಳುಗಳು ಆಡಿದವು. ಇವತ್ತೊಂದು ದಿನ ಸುಮ್ಮನಿರು ಎಂದು ಅವನು ಅದನ್ನು ಬೇಡಿಕೊಂಡ. ಮಂದಿ ದೇವರನ್ನು ಕೂಡ ಅಷ್ಟು ಭಕ್ತಿಯಿಂದ ಬೇಡಿಕೊಂಡಿರಲಾರರು.

ಯಾಕೆಂದರೆ ಇವತ್ತು ಸಂಜೆ ಚಹಾದ ಹೊತ್ತಿಗೆ ಈ ಕೈ ಇರಾನ್ ದೇಶದ ಕೈಯನ್ನು ಕುಲುಕಬೇಕಿತ್ತು. ದೊಡ್ಡ ಯುದ್ಧ ಮುಗಿದು ವರ್ಷವಾಗಿತ್ತು, ಸಮುದ್ರದಲ್ಲಿ ಮತ್ತೆ ವ್ಯಾಪಾರದ ಹಡಗುಗಳು ಓಡಾಡತೊಡಗಿದ್ದವು, ದೇಶದೇಶಗಳು ಒಂದರ ಮನೆಯಲ್ಲಿ ಇನ್ನೊಂದು ತನ್ನ ಮನುಷ್ಯನನ್ನು ಕೂರಿಸುವ ಅವಸರದಲ್ಲಿದ್ದವು. ಇರಾನ್ ಸರಕಾರದ ವ್ಯಾಪಾರ ಅಧಿಕಾರಿ ಮುಂಬಯಿಗೆ ಬಂದು ಕೂತಾಗಿತ್ತು. ಇನ್ನು ಇಲ್ಲಿಂದ ಅಲ್ಲಿಗೊಬ್ಬ ಹೋಗಬೇಕು. ಒಂದು ಮನೆಗೆ ಹೆಣ್ಣು ಕೊಟ್ಟು ಅದೇ ಮನೆಯಿಂದ ಹೆಣ್ಣು ತಂದುಕೊಳ್ಳುವ ಬೀಗತನ ಇದ್ದ ಹಾಗೆ. ಹಾಗಾದ ಮೇಲೆ ನೋಡುವ ಶಾಸ್ತ್ರ ತಪ್ಪೀತೆ? ಮಳೆಗಾಲಕ್ಕೆ ಮುಂಬಯಿ ಸರಕಾರ ಗಂಟುಮೂಟೆ ಕಟ್ಟಿಕೊಂಡು ಪುಣೆಗೆ ಬರುವಾಗ ಆ ಅಧಿಕಾರಿಯೂ ಬಂದಿದ್ದ. ಅವನ ಹೆಸರು ಆಗಾ ಮನ್ಸೂರ್. ಕ್ಯಾಂಪಿನಲ್ಲಿದ್ದ ವ್ಯಾಪಾರ ಖಾತೆಯ ಕಚೇರಿಗೆ ಇಂದು ಬಂದು ಚಹಾ ಕುಡಿದು, ಸಾಲಾಗಿ ನಿಂತ ಇಬ್ಬರನ್ನು ನೋಡಿ, ಇಂಥವನು ನಮ್ಮ ದೇಶಕ್ಕೆ ಬರಲಿ ಎಂದು ಹೇಳುವವನಿದ್ದ. ಇಬ್ಬರಲ್ಲಿ ಒಬ್ಬ ಶ್ಯಾಮರಾವ್, ಇನ್ನೊಬ್ಬ ಮುರುಗೆಪ್ಪ. ಶ್ಯಾಮರಾವ್ ಕೈ ಕುಲುಕಿದರೆ ಅದು ಹೊಸ ನಾಣ್ಯ ಕಲ್ಲಿನ ಮೇಲೆ ಬಿದ್ದ ಹಾಗೆ ಖಣಖಣ ಎನ್ನುತ್ತಿತ್ತು. ಮುರುಗೆಪ್ಪ ಕುಲುಕಿದರೆ?

ಖಾತೆಯ ಮುಖ್ಯಸ್ಥರಾದ ಪ್ರಲ್ಹಾದರಾಯರು ಧಾರವಾಡದ ಕಡೆಯವರು, ವಿಲಾಯತಿಗೆ ಹೋಗಿ ಬಂದವರು. ಅಲ್ಲಿಂದ ಅವರು ತಂದ ಸಾಮಾನು ಎರಡೇ, ಒಂದು ಕೊಡೆ, ಒಂದು ಕೈಕುಲುಕು. ಕೊಡೆಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಕೈಕುಲುಕನ್ನು ಮಾತ್ರ ಧಾರಾಳವಾಗಿ ಎಲ್ಲರಿಗೂ ಕಲಿಸಿದರು. ಹಿಡಿ, ಎರಡು ಸಲ ಅಲ್ಲಾಡಿಸು, ಬಿಡು. ಇಷ್ಟೇ. ಇದನ್ನು ಜವಾನ ಕಲಿತ, ಟಪಾಲಿನವನು ಕಲಿತ, ಕಚೇರಿಯ ಹಿಂದಿನ ಮಾವಿನ ಮರಕ್ಕೆ ಕೈಯಿದ್ದಿದ್ದರೆ ಅದೂ ಕಲಿಯುತ್ತಿತ್ತು. ಮುರುಗೆಪ್ಪನ ಸರದಿ ಬಂದ ದಿನ ಅವನ ಹೆಬ್ಬೆರಳು ಮೆಲ್ಲಗೆ ಸಾಹೇಬರ ತೋರುಬೆರಳಿನ ಗೆಣ್ಣು ಹುಡುಕಿಕೊಂಡು ಹೋಗಿ ಅಲ್ಲಿ ಒತ್ತಿ ನಿಂತುಬಿಟ್ಟಿತ್ತು. ಪ್ರಲ್ಹಾದರಾಯರು ಕೈ ಕಿತ್ತುಕೊಂಡು, ‘ಏನಪಾ ಮುರುಗೆಪ್ಪಾ, ಕೈ ಕುಲುಕೂದಂದ್ರ ಸಂತ್ಯಾಗ ಬೆಂಡೀಕಾಯಿ ತುದಿ ಮುರದು ನೋಡೂದಲ್ಲೋ!’ ಎಂದಿದ್ದರು. ಕಚೇರಿಯ ಹೆಂಚು ಹಾರಿಹೋಗುವ ಹಾಗೆ ಎಲ್ಲರೂ ನಕ್ಕಿದ್ದರು. ಶ್ಯಾಮರಾವ್ ಮಾತ್ರ ನಗದೆ, ಭಾರೀ ಗಂಭೀರವಾಗಿ, ‘ಎಳೀವು ಅದಾವೋ ಬಲತಾವೋ, ಹೇಳಿಬಿಡ್ರಿ ಬಾಳಿಕಾಯಿ, ಸಾಹೇಬರಿಗೂ ತಿಳೀಲಿ’ ಎಂದಿದ್ದ. ಆ ನಗೆ ಈಗಲೂ, ಈ ನಸುಕಿನಲ್ಲೂ, ಮುರುಗೆಪ್ಪನ ಕಿವಿಯ ಹಿಂದೆ ಬಿಸಿಯಾಗಿ ಅಂಟಿಕೊಂಡಿತ್ತು.

ತಪ್ಪು ಯಾರದು? ಕೈಯದಲ್ಲ. ಕೈ ಎಲ್ಲಿ ಹುಟ್ಟಿ ಬೆಳೆಯಿತೋ ಅಲ್ಲಿನದು. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಅವನ ಅಪ್ಪ ಮಲಕಪ್ಪ ದಲಾಲಿ ಮಾಡುತ್ತಿದ್ದ. ಬೆಲ್ಲದ ಪೆಂಟಿಗಳು ಗುಡ್ಡದಂತೆ ಬಿದ್ದಿರುತ್ತಿದ್ದವು. ಅವುಗಳ ಮೇಲಿನ ನೊಣಗಳು ಒಮ್ಮೆಲೆ ಎದ್ದರೆ ಹಗಲೇ ಕತ್ತಲಾಗಿ ಕೋಳಿಗಳು ಗೂಡು ಸೇರುತ್ತಿದ್ದವು. ಅಂಥ ಗದ್ದಲದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದು ನಾಚಿಕೆಗೇಡು. ಮಾರುವವನ ಕೈ ಹಿಡಿದು, ಹೆಗಲ ಮೇಲಿನ ವಸ್ತ್ರವನ್ನು ಎರಡೂ ಕೈ ಮುಚ್ಚುವ ಹಾಗೆ ಇಳಿಬಿಟ್ಟು, ಅದರ ಕೆಳಗೆ ಬೆರಳುಗಳಿಂದಲೇ ಕೇಳಬೇಕು, ಬೆರಳುಗಳಿಂದಲೇ ಹೇಳಬೇಕು. ಹೆಬ್ಬೆರಳಿನಿಂದ ಗೆಣ್ಣು ಒತ್ತಿದರೆ ಬೆಲೆ ಹೇಳು ಎಂದು, ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಪೂರಾ ಕೈ ಗಟ್ಟಿಯಾಗಿ ಹಿಡಿದು ಜಗ್ಗಿದರೆ ಸವದಾ ಮುಗಿಯಿತು. ಮೇಲೆ ಬಾಯಿ ಬೇರೇನೋ ಮಾತಾಡುತ್ತಿರಬೇಕು, ಮುಖ ಬಂಡೆಗಲ್ಲಿನ ಹಾಗಿರಬೇಕು. ಮಲಕಪ್ಪ ತನ್ನ ಭಾವಮೈದುನನ ಹಲ್ಲುನೋವಿನ ಕತೆಯನ್ನು ಕಣ್ಣೀರು ತಂದುಕೊಂಡು ಹೇಳುತ್ತಲೇ ಒಂದು ಊರಿನ ಬೆಲ್ಲವನ್ನೆಲ್ಲ ವಸ್ತ್ರದ ಕೆಳಗೆ ಮಾರಿ ಮುಗಿಸುತ್ತಿದ್ದ. ತೊಡೆಯ ಮೇಲೆ ಕೂತ ಮುರುಗೆಪ್ಪನ ಪುಟ್ಟ ಕೈಯನ್ನೂ ಅದೇ ವಸ್ತ್ರದ ಕತ್ತಲೆಗೆ ಎಳೆದುಕೊಂಡು ಅಕ್ಷರಕ್ಕಿಂತ ಮೊದಲು ಅದನ್ನೇ ಕಲಿಸಿದ್ದ. ‘ಬಾಯಿ ಸುಳ್ಳ ಹೇಳ್ಲಿ ತಮ್ಮಾ, ಅದಕ್ಕಂತನ ದೇವರು ನಾಲಿಗಿ ಕೊಟ್ಟಾನ. ಆದ್ರ ವಸ್ತ್ರದ ಕೆಳಗ ಕೈ ಸುಳ್ಳ ಹೇಳಬಾರದು. ಅಲ್ಲಿ ಹೇಳಿದ್ದನ್ನ ಮ್ಯಾಲೆ ಯಾರ ಮುಂದೂ ಒದರಬಾರದು.’ ಆ ವಸ್ತ್ರದ ಬೆಲ್ಲದ ವಾಸನೆ, ಅಪ್ಪನ ಬೆರಳಿನ ಒರಟು. ಕಚೇರಿಯಲ್ಲಿ ಯಾರೋ ತಂದೆ ಏನು ಮಾಡುತ್ತಾರೆ ಎಂದು ಕೇಳಿದಾಗ ಮುರುಗೆಪ್ಪ ‘ಜಮೀನುದಾರರು’ ಎಂದಿದ್ದ. ಬಾಯಿಂದ ಹೇಳಿದ್ದರಿಂದ ಅದು ಅಪ್ಪನ ಲೆಕ್ಕದಲ್ಲಿ ತಪ್ಪಲ್ಲ ಎಂದು ಅವನು ತನಗೆ ತಾನೇ ವಾದಿಸಿದ್ದ. ವಾದವನ್ನು ಗೆದ್ದೂ ಇದ್ದ. ಆದರೂ ಅವತ್ತಿನಿಂದ ಬಲಗೈ ಅವನೊಂದಿಗೆ ಮಾತು ಬಿಟ್ಟ ಹಾಗೆ ಆಡುತ್ತಿತ್ತು.

‘ಅಗ ಬಾಈ! ವಕೀಲರು ಎದ್ರೇನ?’ ಅಂಗಳದಿಂದ ಗಂಗೂಬಾಯಿಯ ದನಿ ಬಂತು. ಗಂಗೂಬಾಯಿ ವಾಡೆಯ ಒಡತಿ, ಹುಟ್ಟಿದ್ದು ಧಾರವಾಡದಲ್ಲಿ, ಪುಣೆಗೆ ಮದುವೆಯಾಗಿ ಬಂದು ಮುದುಕಿಯಾದವಳು. ಒಂದು ದರಬಾರಿನಿಂದ ಇನ್ನೊಂದು ದರಬಾರಿಗೆ ಹೋಗಿ ಕೂರುವವನಿಗೆ ಪೇಶವಾಯಿಯಲ್ಲಿ ವಕೀಲ ಎನ್ನುತ್ತಿದ್ದರಂತೆ. ಆಕೆಯ ಮಟ್ಟಿಗೆ ಪೇಶವಾಯಿ ಮುಗಿದೇ ಇರಲಿಲ್ಲ. ಮುರುಗೆಪ್ಪ ಇರಾನಿಗೆ ಹೋಗುವ ಸುದ್ದಿಯನ್ನು ಇನ್ನೂ ಆಯ್ಕೆಯಾಗುವ ಮೊದಲೇ ಆಕೆ ಪೇಠದ ಎಲ್ಲ ಓಣಿಗಳಿಗೂ ಹಂಚಿದ್ದಳು. ಓಂಕಾರೇಶ್ವರದ ಅರ್ಚಕರಿಗೂ ಗೊತ್ತಿತ್ತು, ಅರ್ಚಕರಿಂದ ದೇವರಿಗೂ ಗೊತ್ತಾಗಿತ್ತು. ಈಗ ಆಗದಿದ್ದರೆ ಮುರುಗೆಪ್ಪ ಪೇಠವನ್ನೇ ಬಿಟ್ಟು ಓಡಬೇಕಿತ್ತು. ‘ನನಗ ಕೇಶರ ಬ್ಯಾಡ, ಇಂಗು ಬ್ಯಾಡ. ಒಂದು ಗಾಲೀಚಾ ತರ್ರಿ ಸಾಕು, ಹಾಸಿ ಮ್ಯಾಲೆ ಗಣಪತಿ ಕೂಡಸಲಿಕ್ಕೆ.’

‘ಇರಾನಿನ ಗಾಲೀಚಾದ ಮ್ಯಾಲೆ ಗಣಪತೀನ, ಗಂಗೂಬಾಯಾರ?’

‘ಇಲಿ ಮ್ಯಾಲೆ ಕೂಡಾಂವಗ ಗಾಲೀಚಾ ಚುಚ್ಚತದೇನು? ಹೋಗ್ರಿ, ಜಳಕಾ ಮಾಡ್ರಿ. ಕೈ ಛಲೋತ್ನಂಗ ತಿಕ್ಕೋರಿ. ಅಂದಂಗ ಕಾಶವ್ವಗ ಹುಣಸೀಹಣ್ಣು ಕೊಟ್ಟೀನಿ, ಭಾಳ ತಿನ್ನಗೊಡಬ್ಯಾಡ್ರಿ.’

ಒಳಗೆ ಹೆಂಡತಿ ಕಾಶವ್ವ ಕಲ್ಲುಹಾಸಿನ ಮೇಲೆ ಅವನ ಅಂಗಿ ಇಸ್ತ್ರಿ ಮಾಡುತ್ತಿದ್ದಳು. ಹಿತ್ತಾಳೆಯ ಇಸ್ತ್ರಿಪೆಟ್ಟಿಗೆಯ ಕೆಂಡದ ಬೆಳಕು ಅವಳ ಗಲ್ಲದ ಮೇಲೆ ಬಿದ್ದಿತ್ತು. ನಾಲಿಗೆಯಲ್ಲಿ ಹುಣಸೆಹಣ್ಣಿನ ಚೂರೊಂದನ್ನು ಅತ್ತಿಂದಿತ್ತ ಹೊರಳಿಸುತ್ತ ಅವಳು ತಲೆ ಎತ್ತದೆ, ‘ಅಲ್ಲಿ ಇರಾನಿನ್ಯಾಗ ಹುಣಸೀಹಣ್ಣು ಸಿಗತಾವೇನ್ರಿ?’ ಎಂದಳು. ಮುರುಗೆಪ್ಪನಿಗೆ ಉಡುತ್ತಿದ್ದ ಧೋತರದ ನಿರಿಗೆಯೇ ಸಿಗದ ಹಾಗಾಯಿತು. ‘ಸಿಗತಾವೇನೋ’ ಎಂದ. ಆ ಪ್ರಶ್ನೆಯಲ್ಲಿ ಅವಳು ಆಗಲೇ ಹಡಗು ಹತ್ತಿಯಾಗಿತ್ತು, ಇಳಿದು ಅಡಿಗೆಮನೆಯನ್ನೂ ಹೂಡಿಯಾಗಿತ್ತು. ಪ್ರಲ್ಹಾದರಾಯರು ‘ಹೆಂಡ್ತೀನ ಕರಕೊಂಡು ಹೋಗಾಂವೇನಪಾ?’ ಎಂದು ಕೇಳಿದಾಗ, ‘ಇಲ್ರಿ, ಆಕಿಗೆ ಪರದೇಶದ ಹವಾ ಒಗ್ಗೂದಿಲ್ಲ’ ಎಂದು ತಾನು ಹೇಳಿಬಂದದ್ದು ಅವಳಿಗೇನು ಗೊತ್ತು? ಹವೆಯ ಮಾತಲ್ಲ ಅದು. ದಸರೆಗೆ ಸಾಹೇಬರ ಬಂಗಲೆಯಲ್ಲಿ ಎಲ್ಲರ ಹೆಂಡಿರೂ ಕೂಡಿದ್ದಾಗ ಕಾಶವ್ವ ಬಿಸಿ ಚಹಾವನ್ನು ಬಟ್ಟಲಿನ ಕೆಳಗಿನ ಬಸಿಗೆ ಸುರಿದು, ಎರಡು ಕೈಯಲ್ಲಿ ಎತ್ತಿ, ಸೊರ್ರೆಂದು ಎಳೆದಿದ್ದಳು. ಬಂಗಲೆಯ ಗೋಡೆಯ ಮೇಲಿನ ಹುಲಿಯ ತಲೆ ಹೆದರಿ ಕಣ್ಣು ಮುಚ್ಚಿತ್ತು. ಶ್ಯಾಮರಾವನ ಹೆಂಡತಿ ಪಂಕಜಾಕ್ಷಿ ಬಟ್ಟಲಿನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು, ಅಯ್ಯೋ ಪಾಪ ಎಂಬಂತೆ ಮುಗುಳ್ನಕ್ಕಿದ್ದಳು. ಆ ಮುಗುಳ್ನಗೆಯನ್ನು ಮುರುಗೆಪ್ಪ ಇನ್ನೂ ಜೇಬಿನಲ್ಲಿ ಹೊತ್ತು ತಿರುಗುತ್ತಿದ್ದ. ಕಾಶವ್ವ ಮಾತ್ರ ಆ ಸಂಜೆ ಮನೆಗೆ ಬರುತ್ತ, ‘ಚಹಾ ಭಾಳ ಪಸಂದಿತ್ತು’ ಎಂದು ಖುಷಿಯಾಗಿ ಹೇಳಿದ್ದಳು.

ಅಂಥವಳನ್ನು ಮದುವೆಯಾದದ್ದೂ ವಸ್ತ್ರದ ಕೆಳಗೇ. ಕಾಶವ್ವನ ಅಪ್ಪನೂ ದಲಾಲ, ಸಂಕೇಶ್ವರದವನು. ಇಬ್ಬರು ದಲಾಲರು ಎದುರುಬದುರು ಕೂತು ಎತ್ತಿನ ಕೊಂಬಿನ ಮಾತಾಡುತ್ತ ವಸ್ತ್ರದ ಕೆಳಗೆ ಮಕ್ಕಳ ಲಗ್ನ ಮುಗಿಸಿದ್ದರು. ಏನು ಕೊಟ್ಟರು ಏನು ಬಿಟ್ಟರು ಎಂಬುದು ಇಂದಿಗೂ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಹಸೆಯ ಮೇಲೆ ಇಬ್ಬರ ಕೈ ಕೂಡಿಸಿ, ಮೇಲೆ ಗುಳೇದಗುಡ್ಡದ ಖಣ ಹೊದಿಸಿದಾಗ, ತಲೆ ತಗ್ಗಿಸಿ ಕೂತಿದ್ದ ಆ ಹುಡುಗಿ ಖಣದ ಕೆಳಗೆ ಅವನ ಹೆಬ್ಬೆರಳನ್ನು ಕುಟುಕ್ಕೆಂದು ಒತ್ತಿದ್ದಳು. ದಲಾಲರ ಕೈಮಾತಿನಲ್ಲಿ ಹಾಗೆಂದರೆ ‘ಸಾಲದು, ಇನ್ನೂ ಏರಸು’. ಮುರುಗೆಪ್ಪ ಜಂಗಮರ ಮುಂದೆ ಕಿಸಕ್ಕನೆ ನಕ್ಕು ಅಪ್ಪನಿಂದ ಬೈಸಿಕೊಂಡಿದ್ದ. ಈಗ ಇಸ್ತ್ರಿಯಾದ ಅಂಗಿಯನ್ನು ಅವಳು ಅವನ ಕೈಗೆ ಕೊಟ್ಟಾಗ ಅಂಗಿ ಬೆಚ್ಚಗಿತ್ತು, ಜೀವವಿರುವ ವಸ್ತುವಿನ ಹಾಗೆ. ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ‘ಬರತೇನಿ’ ಎಂದು ಹೊಸ್ತಿಲು ದಾಟಿದ.

ಮಳೆ ಆಗಷ್ಟೇ ನಿಂತು ಲಕ್ಷ್ಮೀ ರಸ್ತೆ ಉಜ್ಜಿಟ್ಟ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ಟಾಂಗಾ ಕುದುರೆಗಳ ಗೊರಸಿನಿಂದ ಏಳುವ ನೀರು ಮಂದಿಯ ಧೋತರಕ್ಕೆ ಹೂವಿನ ಚಿತ್ತಾರ ಬರೆಯುತ್ತಿತ್ತು. ಕೈಗೆ ಅಭ್ಯಾಸವಾಗಲೆಂದು ಮುರುಗೆಪ್ಪ ನಡೆಯುತ್ತಲೇ ಕೊಡೆಯ ಹಿಡಿಕೆಯನ್ನು ಹಿಡಿದು, ಎರಡು ಸಲ ಅಲ್ಲಾಡಿಸಿ, ಬಿಟ್ಟ. ಕೊಡೆ ಬಿತ್ತು. ಎತ್ತಿಕೊಂಡು ಮತ್ತೆ ಹಿಡಿದು, ಅಲ್ಲಾಡಿಸಿ, ಬಿಟ್ಟ. ಕ್ಯಾಂಪ್ ಮುಟ್ಟುವಷ್ಟರಲ್ಲಿ ಆ ಕೊಡೆ ತನ್ನ ಆಯುಷ್ಯದಲ್ಲಿ ಯಾವ ಗಾಳಿಯಿಂದಲೂ ಪಡದ ಪಾಡು ಪಟ್ಟಿತು. ಕಚೇರಿಗೆ ಇನ್ನೂ ಹೊತ್ತಿದ್ದುದರಿಂದ ಅವನು ಇರಾನಿ ಹೋಟೆಲಿಗೆ ಹೊಕ್ಕು ಚಹಾ ಹೇಳಿದ. ಗಲ್ಲೆಯ ಮೇಲೆ ಕೂತ ಮುದುಕ ಇರಾನಿ, ಹೊಟ್ಟೆ ಎಷ್ಟು ದೊಡ್ಡದೆಂದರೆ ಅದರ ಮೇಲೆಯೇ ಬಟ್ಟಲು ಇಟ್ಟುಕೊಂಡಿದ್ದ. ಮುರುಗೆಪ್ಪ ನೋಡುತ್ತಿದ್ದಂತೆ ಮುದುಕ ರೇಶನ್ನಿನ ಸಕ್ಕರೆಯ ಗಡ್ಡೆಯೊಂದನ್ನು ದವಡೆಗೆ ಒತ್ತಿಕೊಂಡು, ಚಹಾವನ್ನು ಬಸಿಗೆ ಸುರಿದು, ಎರಡು ಕೈಯಲ್ಲಿ ಎತ್ತಿ, ಸೊರ್ರ್... ಅದೇ ಸದ್ದು. ಅದೇ ಸ್ವರ, ಅದೇ ಉದ್ದ, ಮುಗಿಸುವಾಗಿನ ಅದೇ ಸುಖದ ಉಸಿರು. ‘ನಿಮ್ಮ ದೇಶದಾಗ ಎಲ್ಲಾರೂ ಹಿಂಗ ಕುಡೀತಾರ?’ ಎಂದು ಮರಾಠಿಯಲ್ಲಿ ಕೇಳಿದ. ಇರಾನಿ ಅವನನ್ನು, ಮೂಗಿನಿಂದ ಉಸಿರಾಡುತ್ತಾರಾ ಎಂದು ಕೇಳಿದವನನ್ನು ನೋಡುವ ಹಾಗೆ ನೋಡಿದ. ಇಡೀ ಒಂದು ರಾಜ್ಯ, ಶಹಾನಿಂದ ಹಿಡಿದು ಕುರಿಗಾಹಿಯವರೆಗೆ, ಕಾಶವ್ವನ ಹಾಗೆ ಚಹಾ ಕುಡಿಯುವ ಚಿತ್ರ ಮುರುಗೆಪ್ಪನ ಕಣ್ಣಿಗೆ ಕಟ್ಟಿತು. ಆ ದೇಶಕ್ಕೆ ಹೋಗಲು ಹುಟ್ಟಿದವಳು ಅವಳು. ಹೋಗಿ ಅಲ್ಲಿ ಬಟ್ಟಲಿನ ಕಿವಿ ಹುಡುಕುತ್ತ ಪೆಚ್ಚಾಗುವವನು ತಾನು. ಹೀಗನ್ನಿಸಿ ಅವನಿಗೆ ನಗು ಬಂತು, ಹಿಂದೆಯೇ ಸಾಹೇಬರ ಮುಂದೆ ಹೇಳಿಬಂದ ಸುಳ್ಳು ನೆನಪಾಗಿ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ನಾಲ್ಕಕ್ಕೆ ಸರಿಯಾಗಿ ಮಳೆ ಹೊಯ್ಯಿತು. ಹೊಯ್ಯಿತು ಎಂದರೆ, ಮುಳಾ ಮುಠಾ ನದಿಗಳು ನೆಲದ ಮೇಲೆ ಹರಿದು ಬೇಸತ್ತು ಆಕಾಶಕ್ಕೆ ಹತ್ತಿ ಅಲ್ಲಿಂದ ಜಿಗಿದ ಹಾಗೆ. ಆಗಾ ಮನ್ಸೂರ್ ಮೋಟಾರಿನಿಂದ ಇಳಿದು ಮೆಟ್ಟಿಲು ಹತ್ತುವಷ್ಟರಲ್ಲಿ ಗಾಳಿ ಅವನ ಕೊಡೆಯನ್ನು ತಿರುವಿ ಹಾಕಿತು. ತೆಳ್ಳಗೆ, ಉದ್ದಕ್ಕೆ, ನರೆತ ಮೀಸೆಯ ಮನುಷ್ಯ. ಮೀಸೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ರಲ್ಹಾದರಾಯರು ಇಂಗ್ಲಿಷಿನಲ್ಲಿ ಪುಣೆಯ ಮಳೆಯ ಪರವಾಗಿ ಕ್ಷಮೆ ಕೇಳಿ, ಜವಾನನ ಕೈಯಿಂದ ದೊಡ್ಡ ಬಿಳಿ ಟವೆಲೊಂದನ್ನು ಕೊಡಿಸಿದರು. ಆಗಾ ಮುಖ ಒರೆಸಿಕೊಂಡು, ಟವೆಲನ್ನು ಬಲಗೈಯ ಮೇಲೆ ಹಾಕಿಕೊಂಡೇ ಸಾಲಿನತ್ತ ಬಂದ. ಮೊದಲು ಶ್ಯಾಮರಾವ್. ಹಿಡಿ, ಅಲ್ಲಾಡಿಸು, ಬಿಡು, ಖಣ್ ಎಂದಿತು. ಪ್ರಲ್ಹಾದರಾಯರ ಮುಖ ಅರಳಿತು. ಆಮೇಲೆ ಮುರುಗೆಪ್ಪ ಕೈ ಚಾಚಿದ. ಹಿಡಿದ. ಒಂದು ಸಲ ಅಲ್ಲಾಡಿಸಿದ. ಎರಡನೆಯ ಸಲ ಅಲ್ಲಾಡಿಸುವಾಗ ಟವೆಲು ಜಾರಿ ಬಂದು ಎರಡೂ ಕೈಗಳನ್ನು ಮುಚ್ಚಿಬಿಟ್ಟಿತು.

ಕತ್ತಲಾಯಿತು. ಕೈಗೆ. ಆ ಬೆಚ್ಚನೆಯ, ಬಟ್ಟೆಯ ಕತ್ತಲೆಯಲ್ಲಿ ಕೈಗೆ ಪುಣೆ ಇರಲಿಲ್ಲ, ಕಚೇರಿ ಇರಲಿಲ್ಲ, ವಿಲಾಯತಿ ಇರಲಿಲ್ಲ. ಬೆಲ್ಲದ ವಾಸನೆ ಬಂತು. ಹೆಬ್ಬೆರಳು ತಾನೇ ಹೊರಟು ಎದುರಿನ ಬೆರಳ ಗೆಣ್ಣು ಹುಡುಕಿ ಒತ್ತಿತು. ಆಯಿತು, ಮುಗಿಯಿತು, ಎಂದುಕೊಂಡ ಮುರುಗೆಪ್ಪ. ಇನ್ನು ಈತ ಕೈ ಕಿತ್ತುಕೊಳ್ಳುತ್ತಾನೆ, ಇನ್ನು ಬೆಂಡೆಕಾಯಿ, ಇನ್ನು ನಗೆ. ಕೈ ಕೀಳಲಿಲ್ಲ ಆತ. ಮುಖದ ಮೇಲೆ ಒಂದು ನೀರಹನಿಯೂ ಅಲುಗಲಿಲ್ಲ. ಟವೆಲಿನ ಕೆಳಗೆ ಆ ಉದ್ದ ಬೆರಳುಗಳು ಎಚ್ಚರಾದವು. ನಿಂತು, ಯೋಚಿಸಿ, ಬಂದು ಮುರುಗೆಪ್ಪನ ಒಂದು ಬೆರಳನ್ನು ಹಿಡಿದವು. ಒಂದು!

ಮುರುಗೆಪ್ಪನ ಕೈ ತಡಮಾಡದೆ ಎರಡು ಬೆರಳು ಹಿಡಿಯಿತು. ಎರಡು.

‘ಪುಣೆಯ ಹವೆ ಹಿತವಾಗಿದೆ’ ಎಂದ ಆಗಾ ಇಂಗ್ಲಿಷಿನಲ್ಲಿ, ಮತ್ತೆ ಒಂದು ಬೆರಳು ಹಿಡಿದು.

‘ಶ್ರಾವಣದಲ್ಲಿ ಇನ್ನೂ ಹಿತವಾಗಿರುತ್ತದೆ’ ಎಂದ ಮುರುಗೆಪ್ಪ, ಎರಡು ಹಿಡಿದು.

‘ನಿಮ್ಮ ನದಿಗಳು ಎಲ್ಲಿ ಕೂಡುತ್ತವೆ?’ ಒಂದು.

‘ಸಂಗಮದಲ್ಲಿ.’ ಎರಡು.

ಪ್ರಲ್ಹಾದರಾಯರು ಕೆಮ್ಮಿದರು. ಶ್ಯಾಮರಾವ್ ಕೆಮ್ಮಿದ. ಜವಾನನೂ ತನ್ನ ಪಾಲಿನದನ್ನು ಕೆಮ್ಮಿದ. ಬಟ್ಟಲುಗಳಲ್ಲಿ ಚಹಾ ಆರಿ, ಕೆನೆಕಟ್ಟಿ, ಬೇಸರದಿಂದ ಸುಕ್ಕಾಯಿತು. ಅಷ್ಟು ಹೊತ್ತಿನಲ್ಲಿ ಬೇರೆ ಯಾರಾದರೂ ಆಗಿದ್ದರೆ ಒಂದು ಲಗ್ನ ಮುಗಿಸಿ ಉಂಡು ಎಲೆ ಎತ್ತಿರುತ್ತಿದ್ದರು. ಕೊನೆಗೆ ಪ್ರಲ್ಹಾದರಾಯರು ಟವೆಲನ್ನೇ ಎತ್ತಿಬಿಟ್ಟರು. ಬೆಳಕಿಗೆ ಬಿದ್ದ ಕೈಗಳು ಕಳ್ಳರ ಹಾಗೆ ಬೇರೆಯಾದವು. ‘ಮುರುಗೆಪ್ಪಾ’ ಎಂದರು ಅವರು, ಮುಖದ ತುಂಬ ಇಂಗ್ಲಿಷಿನ ನಗೆ ಇಟ್ಟುಕೊಂಡು, ಅತಿಥಿಗೆ ತಿಳಿಯದಿರಲೆಂದು ಕನ್ನಡದಲ್ಲಿ, ‘ಹೊರಗ ಹೋಗು. ಪಡಸಾಲ್ಯಾಗ ನಿಂತು ಅವರ ಕೊಡಿ ಒಣಗಸು. ನಾ ಕರಿಯೂತನಾ ಒಳಗ ಮಾರಿ ತೋರಿಸಬ್ಯಾಡ.’

ಪಡಸಾಲೆಯಲ್ಲಿ ಹೂಕುಂಡಗಳ ನಡುವೆ, ತಿರುವಿಬಿದ್ದ ಪರದೇಶಿ ಕೊಡೆಯೊಂದನ್ನು ಹಿಡಿದು ನಿಂತಾಗ ಮುರುಗೆಪ್ಪನಿಗೆ ಅಳು ಬರಬೇಕಿತ್ತು. ಅದಕ್ಕಾಗಿ ಅವನು ಸ್ವಲ್ಪ ಹೊತ್ತು ಕಾದೂ ನೋಡಿದ. ಇರಾನ್ ಹೋಯಿತು, ಪೇಠದಲ್ಲಿ ಮಾನ ಹೋಯಿತು, ಗಣಪತಿಗೆ ಗಾಲೀಚಾ ಹೋಯಿತು. ಒಳಗಿನಿಂದ ಶ್ಯಾಮರಾವನ ಇಂಗ್ಲಿಷು ನಲ್ಲಿಯ ನೀರಿನ ಹಾಗೆ ಸುರಿಯುವುದು ಕೇಳುತ್ತಿತ್ತು. ಆದರೂ, ಏನಾಶ್ಚರ್ಯ, ಅವನ ಬಲಗೈ ಕುಣಿಯುತ್ತಿತ್ತು. ವರ್ಷಗಳಿಂದ ಮೂಕನಾಗಿದ್ದವನಿಗೆ ಅವನ ಊರಿನ ಭಾಷೆ ಬಲ್ಲವನೊಬ್ಬ ಸಿಕ್ಕು ಮನಸಾರೆ ಜಗಳಾಡಿದ ಮೇಲೆ ಆಗುವ ಸುಖ ಅದು. ಆ ಸುಖ ಮೊಣಕೈಗೆ ಹತ್ತಿತು, ಭುಜಕ್ಕೆ ಹತ್ತಿತು, ತಲೆಗೂ ಏರಿತು. ಆತ ಯಾಕೆ ಒಂದನ್ನೇ ಹಿಡಿದ? ತಾನು ಯಾಕೆ ಎರಡನ್ನು ಬಿಡಲಿಲ್ಲ? ನಡುವೆ ಬೆಲ್ಲವಿರಲಿಲ್ಲ, ಅರಿಷಿಣವಿರಲಿಲ್ಲ. ಎರಡು ಏನು? ಗೊತ್ತಿತ್ತು ಅವನಿಗೆ. ಕೈಗೆ ಮೊದಲೇ ಗೊತ್ತಿತ್ತು, ಅದಕ್ಕೇ ಬೆಳಿಗ್ಗೆಯಿಂದ ಕೌದಿಯ ಕೆಳಗೆ ಹುಡುಕುತ್ತಿತ್ತು. ಬಾಯಿ ಸಾಹೇಬರ ಮುಂದೆ ಹೇಳಿಬಂದ ಸುಳ್ಳನ್ನು ಕೈ ಒಪ್ಪಿರಲೇ ಇಲ್ಲ.

ಬಾಗಿಲು ತೆರೆದು ಆಗಾ ಮನ್ಸೂರ್ ಹೊರಗೆ ಬಂದ, ಹೆಗಲ ಮೇಲೆ ಟವೆಲು, ಕೈಯಲ್ಲಿ ಚಹಾ. ‘ಒಳಗೆ ಉಸಿರು ಕಟ್ಟುತ್ತಿದೆ’ ಎಂದ. ಹೂಕುಂಡದ ಕಟ್ಟೆಯ ಮೇಲೆ ಕೂತು, ಚಹಾವನ್ನು ಬಸಿಗೆ ಸುರಿದು, ಎತ್ತಿ, ಸೊರ್ರೆಂದು ಎಳೆದ. ಬಾಗಿಲ ಸಂದಿಯಲ್ಲಿ ಪ್ರಲ್ಹಾದರಾಯರ ಕಣ್ಣೊಂದು ಬಂದು, ಆ ಸದ್ದಿಗೆ ಬೆಚ್ಚಿ ಮರೆಯಾಯಿತು. ‘ಸಾಮಾನು ಯಾವುದೆಂದು ಹೇಳದೆ ಬೆಲೆ ಕಟ್ಟಿದ ವ್ಯಾಪಾರಿಯನ್ನು ನಾನು ಎಲ್ಲೂ ನೋಡಿರಲಿಲ್ಲ’ ಎಂದ ಆಗಾ. ‘ಯಾರು ಕಲಿಸಿದರು ನಿಮಗೆ?’

ಜಮೀನುದಾರರು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಆತ ಕೈ ಚಾಚಿ, ಟವೆಲನ್ನು ಮೇಲೆ ಇಳಿಬಿಟ್ಟಿದ್ದ. ಮುರುಗೆಪ್ಪ ಕೈಕೊಟ್ಟ. ‘ನನ್ನ ತಂದೆ’ ಎಂದ. ‘ಬೆಲ್ಲದ ದಲಾಲ. ಮಹಾಲಿಂಗಪುರದಲ್ಲಿ ಅವರಂಥ ಇನ್ನೊಬ್ಬರಿಲ್ಲ.’ ಮೊದಲನೆಯ ಸಲ ಹೇಳಿದ್ದು. ಹೇಳಿದ ಮೇಲೆ ಸಾಲದೆನ್ನಿಸಿ, ‘ಮುಂಬಯಿ ಇಲಾಖೆಯಲ್ಲೇ ಇಲ್ಲ’ ಎಂದೂ ಸೇರಿಸಿದ.

‘ನನ್ನ ಅಜ್ಜ ನಮ್ಮ ಬಂದರ್ ಲೆಂಗೆ ಊರಿನಲ್ಲಿ ಮುತ್ತಿನ ದಲಾಲ. ಕೆಂಪು ಬಟ್ಟೆಯ ಕೆಳಗೆ ಅವನು ಹಿಡಿಯದ ಕೈ ಸಮುದ್ರದ ಎರಡು ದಂಡೆಯಲ್ಲೂ ಇರಲಿಲ್ಲ. ನಮ್ಮ ಕಚೇರಿಯಲ್ಲಿ ನಾನು ಅವನನ್ನು ಹಡಗಿನ ಕಪ್ತಾನ ಎಂದು ಹೇಳಿದ್ದೇನೆ.’ ಆಗಾ ಮೀಸೆಯೊಳಗೆ ನಕ್ಕ. ‘ಈಗ ಹೇಳಿ. ನಮ್ಮ ದೇಶಕ್ಕೆ ಒಬ್ಬ ಬರುತ್ತಾನೆಂದು ನಿಮ್ಮ ಸಾಹೇಬರು ಹೇಳಿದ್ದಾರೆ. ನನ್ನ ಮಾತು ಒಂದು.’ ಬೆರಳೊಂದನ್ನು ಹಿಡಿದ. ‘ನಿಮ್ಮದು ಯಾಕೆ ಎರಡು?’

‘ನನ್ನ ಹೆಂಡತಿ. ಕಾಶವ್ವ. ಅವಳನ್ನು ಬಿಟ್ಟು ನಾನು ಬರುವುದಿಲ್ಲ, ಆಗಾ ಸಾಹೇಬರೆ. ಅವಳು ಬರುವುದಿಲ್ಲ ಎಂದು ನಮ್ಮ ಸಾಹೇಬರಿಗೆ ಸುಳ್ಳು ಹೇಳಿದ್ದೆ. ಅವಳಿಗೆ ಇಂಗ್ಲಿಷು ಬರುವುದಿಲ್ಲ. ಚಹಾವನ್ನು ಬಸಿಗೆ ಸುರಿದು ಸೊರ್ರೆಂದು ಕುಡಿಯುತ್ತಾಳೆ.’

ಆಗಾ ಮನ್ಸೂರ್ ತನ್ನ ಬಸಿಯನ್ನು ನೋಡಿದ, ಮುರುಗೆಪ್ಪನನ್ನು ನೋಡಿದ. ‘ಮತ್ತೆ ಹೇಗೆ ಕುಡಿಯಬೇಕು?’ ಎಂದ. ಪೂರಾ ಕೈಯನ್ನು ಗಟ್ಟಿಯಾಗಿ ಹಿಡಿದು ಜಗ್ಗಿದ. ಬೆಲ್ಲದ ಪೇಟೆಯಲ್ಲೂ ಮುತ್ತಿನ ಪೇಟೆಯಲ್ಲೂ ಅದಕ್ಕೆ ಒಂದೇ ಅರ್ಥ.

ಒಳಗೆ ಹೋಗಿ ಅವನು ಹೇಳಿದ್ದು ಒಂದೇ ಮಾತು, ಸವದಾ ಮುಗಿಯಿತು ಎಂದು, ಮುರುಗೆಪ್ಪನ ಹೆಗಲ ಮೇಲೆ ಕೈಯಿಟ್ಟು. ಪ್ರಲ್ಹಾದರಾಯರ ಬಾಯಿ ತೆರೆಯಿತು. ಮುಚ್ಚಲು ಜವಾನ ಹೋಗಬೇಕಾಯಿತು ಎಂದು ಹೇಳುವವರಿದ್ದಾರೆ. ಆಗಾ ಹೋದ ಮೇಲೆ ಅವರು ಮುರುಗೆಪ್ಪನನ್ನು ಕಂಬದ ಮರೆಗೆ ಎಳೆದು, ‘ಏನ ಮಾಡಿದ್ಯೋ ಅವಂಗ, ಮಾಟಾ ಗೀಟಾ?’ ಎಂದರು. ‘ಏನಿಲ್ರಿ, ನೀವು ಕಲಿಸಿದಂಗ ಕೈ ಕುಲುಕಿದೆ’ ಎಂದ ಮುರುಗೆಪ್ಪ, ಬಂಡೆಗಲ್ಲಿನ ಮುಖದಿಂದ. ಮರುವಾರ ಶ್ಯಾಮರಾವ್ ಹೆಗಲ ಮೇಲೆ ಟವೆಲು ಹಾಕಿಕೊಂಡು ಕಚೇರಿಗೆ ಬಂದನಂತೆ. ಏನೇ ಆಗಲಿ, ಅವನು ಮುರುಗೆಪ್ಪನ ಕೈ ಕುಲುಕಿ, ‘ಬಲತದ್ದ ಅದ ನೋಡೋ ಮಾರಾಯಾ ನಿನ್ನ ಕೈ’ ಎಂದು ನಕ್ಕದ್ದು ಮಾತ್ರ ನಿಜ.

ಅವತ್ತು ಮನೆಗೆ ಬರುವಾಗ ಮುರುಗೆಪ್ಪ ಕೊಡೆ ಬಿಚ್ಚಲಿಲ್ಲ. ಮಳೆ ಅವನ ಮೇಲೆ ಬಿದ್ದು, ಬಿದ್ದಲ್ಲೇ ಕಾದು ಹಬೆಯಾಗಿ ಹೋಗುತ್ತಿತ್ತು. ವಾಡೆಯ ಅಂಗಳದಲ್ಲಿ ದೀಪ ಹಚ್ಚುವ ಹೊತ್ತು. ಕಟ್ಟೆಯ ಮೇಲೆ ಗಂಗೂಬಾಯಿ ನೆನೆಸಿದ ಅವರೆಕಾಳು ಸುಲಿಯುತ್ತ, ಕಣ್ಣು ಬಾಗಿಲಿಗೆ ನೆಟ್ಟು ಕೂತಿದ್ದಳು. ಮಾಳಿಗೆಯ ಕಿಟಕಿಗಳಲ್ಲಿ ವಾಡೆಯ ಬಾಡಿಗೆದಾರರ ತಲೆಗಳು ಕುಂಬಳಕಾಯಿಗಳ ಹಾಗೆ ಸಾಲುಗೂಡಿದ್ದವು. ‘ಏನಾತ್ರಿ ವಕೀಲರ? ಬಾಯಿ ಬಿಡ್ರಲಾ!’ ಆದರೆ ವಸ್ತ್ರದ ಕೆಳಗೆ ಆದದ್ದನ್ನು ಮೇಲೆ ಒದರುವುದುಂಟೆ? ಮುರುಗೆಪ್ಪ ಬಾಗಿಲಿಗೆ ಬಂದು ನಿಂತ. ಕಾಶವ್ವ ಒಳಗಿನಿಂದ ಒಣಗಿದ ವಸ್ತ್ರವೊಂದನ್ನು ತಂದು, ‘ತೋಯ್ಸಕೊಂಡ ಬಂದ್ರಿ ನೋಡ್ರಿ, ತಲಿ ಒರಸ್ಕೋರಿ’ ಎಂದು ಚಾಚಿದಳು. ಅವನು ವಸ್ತ್ರವನ್ನು ಹಿಡಿದ. ವಸ್ತ್ರದ ಜೊತೆಗೆ ಅದರ ಕೆಳಗಿದ್ದ ಅವಳ ಕೈಯನ್ನೂ ಹಿಡಿದ. ಹಿಡಿದು, ಮುಖ ಬಂಡೆ ಮಾಡಿಕೊಂಡು, ಅವಳ ಎರಡು ಬೆರಳು ಒತ್ತಿದ. ಒಂದು ನಾನು. ಒಂದು ನೀನು.

ಕಾಶವ್ವನ ಕಣ್ಣು ಒಮ್ಮೆ ಮಿಟುಕಿತು, ಅಷ್ಟೇ. ದಲಾಲನ ಮಗಳು ಅವಳು. ‘ಮಜ್ಜಿಗಿ ಕುಡೀತೀರೇನ್ರಿ, ಚಹಾ ಮಾಡ್ಲ್ಯಾ?’ ಎಂದಳು ಗಂಗೂಬಾಯಿಗೂ ಕೇಳುವ ಹಾಗೆ. ವಸ್ತ್ರದ ಕೆಳಗೆ ಅವಳ ಕೈ ಹೊರಳಿ ಬಂದು, ಹಸೆಯ ಮೇಲೆ ಮಾಡಿದ ಹಾಗೆ, ಅವನ ಹೆಬ್ಬೆರಳನ್ನು ಕುಟುಕ್ಕೆಂದು ಒತ್ತಿತು. ಸಾಲದು, ಇನ್ನೂ ಏರಸು. ಆಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ, ನಿಧಾನವಾಗಿ ಹಿಡಿಯಿತು. ಒಂದು. ಎರಡು. ಮೂರು.

ಲೆಕ್ಕ ತಪ್ಪಿದಳೆಂದುಕೊಂಡು ಮುರುಗೆಪ್ಪ ಮತ್ತೆ ಎರಡು ಒತ್ತಿದ. ಅವಳು ಮತ್ತೆ ಮೂರು ಹಿಡಿದಳು. ಹಿಡಿದು, ವಸ್ತ್ರದ ಮರೆಯಲ್ಲೇ ಅವನ ಕೈಯನ್ನು ಎಳೆದುಕೊಂಡು ತನ್ನ ಹೊಟ್ಟೆಗೆ ತಾಗಿಸಿ ಬಿಟ್ಟಳು. ಹುಣಸೆಹಣ್ಣು. ಇರಾನಿನ್ಯಾಗ ಸಿಗತಾವೇನ್ರಿ. ಮುರುಗೆಪ್ಪನ ಬಂಡೆಗಲ್ಲಿನ ಮುಖ ನಡುವೆ ಬಿರಿಯಿತು. ಹತ್ತು ತಲೆಮಾರಿನ ದಲಾಲರು ಸ್ವರ್ಗದಲ್ಲಿ ಕೂತು ನಾಚಿಕೆಯಿಂದ ತಲೆ ತಗ್ಗಿಸುವಷ್ಟು ದೊಡ್ಡದಾಗಿ ಬಿರಿಯಿತು.

‘ಅಗ ಬಾಈ, ಈಗ ತಿಳೀತೇನ ಇವರಿಗೆ!’ ಗಂಗೂಬಾಯಿ ಅವರೆಕಾಳಿನ ಮೊರವನ್ನೇ ಬಡಿದು ನಕ್ಕಳು. ‘ಇಡೀ ವಾಡೇಕ್ಕ ಗೊತ್ತದ, ಎರಡು ವಾರ ಆತು. ವಕೀಲರಿಗಷ್ಟ ಪರದೇಶದಿಂದ ತಂತಿ ಬರಬೇಕಾಗಿತ್ತು!’ ಮಾಳಿಗೆಯ ಕುಂಬಳಕಾಯಿಗಳೆಲ್ಲ ಒಮ್ಮೆಲೆ ಉರುಳುರುಳಿ ನಕ್ಕವು.

‘ಚಹಾನ ಮಾಡು’ ಎಂದ ಮುರುಗೆಪ್ಪ, ದನಿ ಸರಿಮಾಡಿಕೊಳ್ಳುತ್ತ. ‘ಇಬ್ಬರಿಗೂ. ಬಸೀ ತುಂಬ ತುಂಬ ಹಾಕು.’ ವಸ್ತ್ರದ ಕೆಳಗೆ ಅವನ ಬಲಗೈ, ಜನ್ಮದಲ್ಲಿ ಮೊದಲ ಸಲ ಅವನು ಹೇಳಿದ ಮಾತು ಕೇಳಿ, ಅವಳ ಪೂರಾ ಕೈಯನ್ನು ಗಟ್ಟಿಯಾಗಿ ಹಿಡಿದು ಜಗ್ಗಿತು.